ಯೀಸ್ಟ್ ಕಲಿತ ಹೊಸ ಕಸುಬು



ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಔಷಧ ತಯಾರಿಸಲು ಕಲಿತದ್ದು ಹೇಗೆ?

1978ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಹಿನ್ನೆನ್, ಹಿಕ್ಸ್ ಮತ್ತು ಫಿಂಕ್ ಒಂದು ಪ್ರಯೋಗ ಮಾಡಿದರು. ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ತಾನಾಗಿ ತಯಾರಿಸಿಕೊಳ್ಳಲಾರದ ಯೀಸ್ಟ್ ಅವರ ಬಳಿ ಇತ್ತು. ಅದರ ಕೋಶದ ಗೋಡೆಯನ್ನು ಕಿಣ್ವದಿಂದ ಕರಗಿಸಿ, ಕೊರತೆಯಿದ್ದ ಜೀನನ್ನು ಬೆರೆಸಿ, ಲ್ಯೂಸಿನ್ ಇಲ್ಲದ ತಟ್ಟೆಯ ಮೇಲೆ ಹರಡಿದರು. ಬೆಳೆಯಲಾರದ ಕೋಶಗಳಲ್ಲಿ ಕೆಲವು ಚುಕ್ಕೆ ಚುಕ್ಕೆಯಾಗಿ ಬೆಳೆದವು. ಹೊರಗಿನ ಜೀನು ಯೀಸ್ಟಿನ ವರ್ಣತಂತುವಿನಲ್ಲೇ ಸೇರಿಕೊಂಡಿತ್ತು!

ಗುಟ್ಟು ಇರುವುದು ಇಲ್ಲೇ. ಡಿಎನ್‌ಎ ತುಣುಕಿನ ಎರಡೂ ತುದಿಗಳು ತನ್ನ ಸಾಲನ್ನು ಹೋಲುತ್ತಿದ್ದರೆ ಯೀಸ್ಟ್ ಅದನ್ನು ಸರಿಯಾಗಿ ಆ ಜಾಗದಲ್ಲೇ ಕೂರಿಸಿಕೊಳ್ಳುತ್ತದೆ. ಪ್ರಾಣಿಗಳ ಕೋಶಗಳಲ್ಲಿ ಇದು ಅಪರೂಪ. ಜೀನು ತಿದ್ದುವ ಕೀರ್ತಿಯಲ್ಲಿ ಅರ್ಧಪಾಲು ಈ ಸೂಕ್ಷ್ಮಜೀವಿಯ ಹುಟ್ಟುಗುಣಕ್ಕೇ ಸಲ್ಲಬೇಕು ಎಂದು ನಾನು ನಂಬಿದ್ದೇನೆ.

1986ರಲ್ಲಿ ಯೀಸ್ಟಿನಿಂದ ತಯಾರಾದ ಹೆಪಟೈಟಿಸ್-ಬಿ ಲಸಿಕೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮೊದಲು ಆ ಲಸಿಕೆಯನ್ನು ಸೋಂಕಿತರ ರಕ್ತದಿಂದಲೇ ತೆಗೆಯಬೇಕಿತ್ತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಪಿಚಿಯಾ ಎಂಬ ಯೀಸ್ಟಿನಿಂದ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು.

ಇವಕ್ಕೆಲ್ಲ ಒಂದೊಂದು ಜೀನು ಸಾಕಿತ್ತು. ಗಿಡದೊಳಗಿನ ಔಷಧಕ್ಕೆ ಹತ್ತಾರು ಬೇಕು. ಪ್ರತಿಯೊಂದನ್ನು ಸೇರಿಸುವಾಗಲೂ ಅದು ಸೇರಿತೇ ಎಂದು ತಿಳಿಸುವ ಗುರುತಾಗಿ ಇನ್ನೊಂದು ಜೀನು ಜೊತೆಗಿರಬೇಕಿತ್ತು, ಅಂಥ ಗುರುತುಗಳು ಇದ್ದದ್ದೇ ಕೆಲವು. 2013ರಲ್ಲಿ ಹಾರ್ವರ್ಡ್‌ನ ಜಾರ್ಜ್ ಚರ್ಚ್ ಅವರ ತಂಡ ಕ್ರಿಸ್ಪರ್ ಎಂಬ ಜೀನು ತಿದ್ದುವ ವಿಧಾನವನ್ನು ಯೀಸ್ಟಿಗೆ ತಂದಿತು. ಮಾರ್ಗದರ್ಶಿ ಆರ್‌ಎನ್‌ಎ ಜಾಗ ತೋರಿಸುತ್ತದೆ, ಕ್ಯಾಸ್-9 ಎಂಬ ಕಿಣ್ವ ಅಲ್ಲಿ ಡಿಎನ್‌ಎಯನ್ನು ಕತ್ತರಿಸುತ್ತದೆ. ಸೀಳು ಕೂಡದಿದ್ದರೆ ಕೋಶಕ್ಕೆ ಉಳಿವಿಲ್ಲ. ಆಗ ಯೀಸ್ಟ್ ನಾವು ಕೊಟ್ಟ ತುಣುಕನ್ನೇ ಹಿಡಿದು ದುರಸ್ತಿ ಮಾಡಿಕೊಳ್ಳುತ್ತದೆ. ಬದುಕಿ ಉಳಿದದ್ದೇ ಗುರುತು.

ನಮ್ಮ ಅಂಗಳಗಳಲ್ಲಿ ಅರಳುವ ನಿತ್ಯಪುಷ್ಪದ ಎಲೆಯಲ್ಲಿ ಕ್ಯಾನ್ಸರ್ ಔಷಧ ವಿನ್‌ಬ್ಲಾಸ್ಟಿನ್ ಇದೆ, ಆದರೆ ಅತ್ಯಲ್ಪ. 2022ರಲ್ಲಿ ವಿಜ್ಞಾನಿ ಜೇ ಕೀಸ್ಲಿಂಗ್ ಅವರ ತಂಡ ಯೀಸ್ಟಿನಲ್ಲಿ 56 ತಿದ್ದುಪಡಿ ಮಾಡಿ ಅದರ ಎರಡು ಭಾಗಗಳನ್ನು ಪಡೆಯಿತು, ಅವನ್ನು ರಾಸಾಯನಿಕವಾಗಿ ಬೆಸೆಯಿತು. ಆಗ ಇಳುವರಿ ಲೀಟರಿಗೆ ಮೈಕ್ರೋಗ್ರಾಂಗಳಷ್ಟೇ ಇತ್ತು. ನಾನಂತೂ ಆಸೆ ಬಿಟ್ಟಿಲ್ಲ. ಇದೇ ಕೀಸ್ಲಿಂಗ್ 2006ರಲ್ಲಿ ಮಲೇರಿಯಾ ಔಷಧದ ಮೂಲವಾದ ಆರ್ಟೆಮಿಸಿನಿಕ್ ಆಮ್ಲವನ್ನು ಯೀಸ್ಟಿನಲ್ಲಿ ತೆಗೆದಾಗ ಸಿಕ್ಕಿದ್ದು ಲೀಟರಿಗೆ ಸುಮಾರು 100 ಮಿಲಿಗ್ರಾಂ. 2013ರ ಹೊತ್ತಿಗೆ ಅದು 25 ಗ್ರಾಂ ಮುಟ್ಟಿತ್ತು.