ಬಾವುಟಕ್ಕೆ ಮುರಿದ ಗೆಳೆತನ



ಕ್ರಿಕೆಟ್ ಸುದ್ದಿ ನಿಮಗೆ ದಿನವೂ ಸಿಗುತ್ತದೆ. ಇವತ್ತು ಬ್ಯಾಸ್ಕೆಟ್‌ಬಾಲ್ ಅಂಗಳದ ಕಡೆ ಹೋಗೋಣ ಬನ್ನಿ. ನಾನು ಹೇಳಹೊರಟಿರುವುದು ಸರ್ಬಿಯಾದ ವ್ಲಾಡೆ ದಿವಾಟ್ಸ್ ಎಂಬ ಏಳಡಿ ಮೀರಿದ ಆಟಗಾರನ ವಿಷಯ.

ದಿವಾಟ್ಸ್ ಹುಟ್ಟಿದ್ದು 1968ರಲ್ಲಿ, ಪ್ರಿಯೆಪೋಲ್ಯೆ ಎಂಬ ಊರಿನಲ್ಲಿ. ಆಗ ಅದು ಯುಗೋಸ್ಲಾವಿಯಾ. ಬೆಲ್‌ಗ್ರೇಡಿನ ಪಾರ್ಟಿಜಾನ್ ಕ್ಲಬ್ಬಿನಲ್ಲಿ ಆಡಿ ಹೆಸರು ಮಾಡಿದ ಈ ಹುಡುಗನನ್ನು 1989ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಲೇಕರ್ಸ್ ತಂಡ ಆರಿಸಿಕೊಂಡಿತು. ಅದೇ ವರ್ಷ ಕ್ರೊಯೇಷಿಯಾದ ದ್ರಾಜೆನ್ ಪೆಟ್ರೋವಿಚ್ ಕೂಡ ಅಮೆರಿಕಕ್ಕೆ ಬಂದ. ಯುಗೋಸ್ಲಾವಿಯಾ ತಂಡದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಇಳಿದುಕೊಳ್ಳುತ್ತಿದ್ದ ಗೆಳೆಯರು. ಪರದೇಶದಲ್ಲಿ ಭಾಷೆ ಬಾರದೆ ಒದ್ದಾಡುವಾಗ ಫೋನಿನಲ್ಲಿ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡರು. ಹುಟ್ಟೂರು ಬಿಟ್ಟು ಬಂದ ನಿಮಗೆ ಇದರ ಬೆಲೆ ಗೊತ್ತು, ಅಲ್ಲವೆ?

1990ರಲ್ಲಿ ಅರ್ಜೆಂಟೀನಾದಲ್ಲಿ ವಿಶ್ವ ಚಾಂಪಿಯನ್‌ಷಿಪ್. ಯುಗೋಸ್ಲಾವಿಯಾ ಸೋವಿಯತ್ ಒಕ್ಕೂಟವನ್ನು ಸೋಲಿಸಿ ಚಿನ್ನ ಗೆದ್ದಿತು. ಸಂಭ್ರಮದ ನಡುವೆ ಒಬ್ಬ ಅಭಿಮಾನಿ ಕ್ರೊಯೇಷಿಯಾದ ಬಾವುಟ ಹಿಡಿದು ಅಂಗಳಕ್ಕೆ ನುಗ್ಗಿದ. ದಿವಾಟ್ಸ್ ಅದನ್ನು ಕಿತ್ತುಕೊಂಡ. ಇದು ಯುಗೋಸ್ಲಾವಿಯಾದ ಗೆಲುವು, ಬೇರೆ ಬಾವುಟಕ್ಕೆ ಇಲ್ಲಿ ಜಾಗವಿಲ್ಲ ಎಂಬುದು ಅವನ ವಾದ. ಆದರೆ ಮರುವರ್ಷವೇ ದೇಶ ಒಡೆದು ಯುದ್ಧ ಶುರುವಾಯಿತು. ಸರ್ಬಿಯಾದಲ್ಲಿ ಅವನು ವೀರನಾದ, ಕ್ರೊಯೇಷಿಯಾದಲ್ಲಿ ಖಳನಾದ. ಪೆಟ್ರೋವಿಚ್ ಮಾತು ಬಿಟ್ಟ.

ಇಂದಲ್ಲ ನಾಳೆ ಕೂತು ಮಾತಾಡಿದರಾಯಿತು ಎಂದುಕೊಂಡಿದ್ದ ದಿವಾಟ್ಸ್‌ಗೆ ಆ ನಾಳೆ ಬರಲೇ ಇಲ್ಲ. 1993ರ ಜೂನ್ 7ರಂದು ಜರ್ಮನಿಯ ಹೆದ್ದಾರಿಯಲ್ಲಿ ನಡೆದ ಕಾರು ಅಪಘಾತದಲ್ಲಿ ಪೆಟ್ರೋವಿಚ್ ತೀರಿಕೊಂಡ. ವಯಸ್ಸು ಬರೀ 28.

ದಿವಾಟ್ಸ್ ಆಟ ಮುಂದುವರಿಯಿತು. 1996ರಲ್ಲಿ ಲೇಕರ್ಸ್ ಅವನನ್ನು ಷಾರ್ಲೆಟ್ ತಂಡಕ್ಕೆ ಬಿಟ್ಟುಕೊಟ್ಟಿತು. ಬದಲಿಗೆ ಪಡೆದದ್ದು ಯಾರನ್ನು ಗೊತ್ತೆ? 17ರ ಹುಡುಗ ಕೋಬಿ ಬ್ರಯಾಂಟ್‌ನನ್ನು! ಆಮೇಲೆ ದಿವಾಟ್ಸ್ ಸ್ಯಾಕ್ರಮೆಂಟೊ ಕಿಂಗ್ಸ್ ಸೇರಿದ. ಎತ್ತರದ ಆಟಗಾರರು ಬುಟ್ಟಿಯ ಕೆಳಗೆ ಗುದ್ದಾಡುವುದೇ ಹೆಚ್ಚು. ಇವನು ಅಲ್ಲಿಂದಲೇ ಜೊತೆಗಾರರಿಗೆ ನಾಜೂಕಾಗಿ ಚೆಂಡು ದಾಟಿಸುತ್ತಿದ್ದ. 2002ರಲ್ಲಿ ಯುಗೋಸ್ಲಾವಿಯಾಕ್ಕೆ ಇನ್ನೊಂದು ವಿಶ್ವ ಚಿನ್ನ ತಂದ ತಂಡದಲ್ಲೂ ಇದ್ದ. 2005ರಲ್ಲಿ ನಿವೃತ್ತನಾಗುವಾಗ ಅಮೆರಿಕದ ಲೀಗಿನಲ್ಲಿ ಅವನ ಹೆಸರಿನಲ್ಲಿ 13 ಸಾವಿರಕ್ಕೂ ಹೆಚ್ಚು ಅಂಕಗಳಿದ್ದವು.

ಮುಂಬಯಿ ಕೇಳುಗರಿಗೊಂದು ಮಾತು. 2019ರ ಅಕ್ಟೋಬರಿನಲ್ಲಿ ವರ್ಲಿಯ ಡೋಮ್‌ನಲ್ಲಿ ಎನ್‌ಬಿಎ ತಂಡಗಳು ಭಾರತದಲ್ಲಿ ಮೊದಲ ಬಾರಿಗೆ ಆಡಿದವಲ್ಲ, ಅವುಗಳಲ್ಲಿ ಒಂದಾದ ಕಿಂಗ್ಸ್ ತಂಡಕ್ಕೆ ಆಗ ಜನರಲ್ ಮ್ಯಾನೇಜರ್ ಆಗಿದ್ದವನು ಇದೇ ದಿವಾಟ್ಸ್.

2010ರಲ್ಲಿ ಬಂದ 'ಒನ್ಸ್ ಬ್ರದರ್ಸ್' ಎಂಬ ಸಾಕ್ಷ್ಯಚಿತ್ರಕ್ಕಾಗಿ ದಿವಾಟ್ಸ್ ಕ್ರೊಯೇಷಿಯಾದ ಜಾಗ್ರೆಬ್‌ಗೆ ಹೋದ. ಗೆಳೆಯನ ತಾಯಿಯನ್ನೂ ಅಣ್ಣನನ್ನೂ ಕಂಡ. ಸಮಾಧಿಯ ಮುಂದೆ ನಿಂತ. ಸಿಕ್ಕರೆ ಈ ಚಿತ್ರವನ್ನು ತಪ್ಪದೆ ನೋಡಿ. ಪೆಟ್ರೋವಿಚ್ 2002ರಲ್ಲಿ, ದಿವಾಟ್ಸ್ 2019ರಲ್ಲಿ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿದರು. ಅಲ್ಲಿ ಈಗ ಇಬ್ಬರ ಹೆಸರೂ ಇವೆ.

ನೀವೂ ಯಾರೊಡನೆಯಾದರೂ ಮಾತು ಬಿಟ್ಟಿದ್ದರೆ, ಈ ಕಾರ್ಯಕ್ರಮ ಮುಗಿದ ಮೇಲೆ ಒಂದು ಫೋನ್ ಮಾಡಿ ನೋಡಿ.