ಕಾಣಲಿಲ್ಲ ಎನ್ನುವುದೂ ಒಂದು ಸಾಕ್ಷಿ



ಆರಿದ್ರಾ ಮಳೆಯ ಹೆಸರು ಕೇಳದ ರೈತರು ನಮ್ಮಲ್ಲಿ ಇಲ್ಲ. ನಾವು ಯಾವ ರಾಜ್ಯದಲ್ಲಿರಲಿ, ಮೃಗಶಿರಾ ಮುಗಿಯಿತು, ಆರಿದ್ರಾ ಹಿಡಿಯಿತು ಎಂದು ಮಳೆಯ ಲೆಕ್ಕ ಹಾಕುವುದು ಇನ್ನೂ ಬಿಟ್ಟಿಲ್ಲ. ಆ ಹೆಸರಿನ ನಕ್ಷತ್ರವನ್ನೂ ನೀವು ನೋಡಿಯೇ ಇರುತ್ತೀರಿ. ಚಳಿಗಾಲದಲ್ಲಿ ಊಟ ಮುಗಿಸಿ ಅಂಗಳಕ್ಕೆ ಬಂದರೆ ಪೂರ್ವದಲ್ಲಿ ಮೂರು ಚುಕ್ಕೆಗಳು ಸಾಲಾಗಿ ಏಳುತ್ತಿರುತ್ತವೆ. ಅವುಗಳ ಎಡಗಡೆ, ಸ್ವಲ್ಪ ದೂರದಲ್ಲಿ, ಕೆಂಪಗೆ ಹೊಳೆಯುವುದೇ ಆರಿದ್ರಾ. ಇಂಗ್ಲಿಷಿನವರು ಅದನ್ನು ಬೀಟಲ್‌ಜ್ಯೂಸ್ ಎನ್ನುತ್ತಾರೆ.

2023ನೇ ಇಸವಿ ಡಿಸೆಂಬರ್ 12ರಂದು ಈ ಆರಿದ್ರಾ ನಕ್ಷತ್ರ ಕೆಲವು ಸೆಕೆಂಡುಗಳ ಕಾಲ ಮಂಕಾಯಿತು. ಮೋಡ ಅಡ್ಡ ಬಂದಿರಲಿಲ್ಲ. ಲಿಯೋನಾ ಎಂಬ ಒಂದು ಕ್ಷುದ್ರಗ್ರಹ, ಅಂದರೆ ಸೂರ್ಯನ ಸುತ್ತ ತಿರುಗುವ ಒಂದು ಕಲ್ಲುಗುಂಡು, ಅದರ ಮುಂದೆ ಹಾದು ಹೋಯಿತು. ಎಲ್ಲರಿಗೂ ಇದು ಕಾಣಲಿಲ್ಲ. ತುರ್ಕಿ, ಗ್ರೀಸ್, ಇಟಲಿ, ಸ್ಪೇನ್ ದೇಶಗಳ ಮೇಲೆ, ಆಮೇಲೆ ಸಮುದ್ರ ದಾಟಿ ಅಮೆರಿಕದ ಫ್ಲಾರಿಡಾ ಮತ್ತು ಮೆಕ್ಸಿಕೋದ ಮೇಲೆ, ಒಂದು ಕಿರಿದಾದ ಪಟ್ಟಿಯಲ್ಲಿದ್ದವರಿಗೆ ಮಾತ್ರ ಕಂಡಿತು. ನಮ್ಮ ದೇಶ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಆ ದಿನ, ಆ ಹೊತ್ತಿಗೆ, ಆ ಊರುಗಳ ಮೇಲೆ ಇದು ಆಗುತ್ತದೆಂದು ಖಗೋಳದವರು ಬಹಳ ಮುಂಚೆಯೇ ಹೇಳಿದ್ದರು. ಅದು ಹೇಗೆ ಗೊತ್ತಾಯಿತು, ಅದರಿಂದ ಏನು ಪ್ರಯೋಜನ ಎಂಬುದೇ ಇಂದಿನ ನನ್ನ ಮಾತು.

ಮೊದಲು ನಮಗೆ ಗೊತ್ತಿರುವುದರಿಂದಲೇ ಶುರು ಮಾಡೋಣ. ಮಧ್ಯಾಹ್ನದ ಹೊತ್ತು ಹೊಲದಲ್ಲಿ ಕಳೆ ತೆಗೆಯುತ್ತಿದ್ದೀರಿ. ಒಂದು ಸಣ್ಣ ಮೋಡ ಸೂರ್ಯನಿಗೆ ಅಡ್ಡ ಬರುತ್ತದೆ. ನೆರಳು ಆ ಕಡೆಯಿಂದ ಬಂದು ನಿಮ್ಮನ್ನು ದಾಟಿ ಈ ಕಡೆ ಹೋಗುತ್ತದೆ. ಪಕ್ಕದ ಹೊಲದವರು ಬಿಸಿಲಲ್ಲೇ ಇರುತ್ತಾರೆ. ನಮ್ಮ ನೆರಳನ್ನು ತಮಿಳರು ನಿಳಲ್ ಎನ್ನುತ್ತಾರೆ, ತೆಲುಗಿನವರು ನೀಡ ಎನ್ನುತ್ತಾರೆ, ಮರಾಠಿಯವರು ಸಾವಲಿ ಎನ್ನುತ್ತಾರೆ. ಹೆಸರು ಯಾವುದಾದರೂ ನೆರಳಿನ ಗುಣ ಒಂದೇ. ಅದು ಬಿದ್ದಲ್ಲಿ ಬೀಳುತ್ತದೆ, ಬೀಳದಲ್ಲಿ ಇಲ್ಲ.

ನಕ್ಷತ್ರದ ಬೆಳಕಿನಲ್ಲೂ ಹೀಗೆಯೇ ನೆರಳು ಬೀಳುತ್ತದೆ. ನಕ್ಷತ್ರ ಬಹು ಬಹು ದೂರ ಇರುವುದರಿಂದ ಅದರ ಕಿರಣಗಳು ನಮಗೆ ಒಂದಕ್ಕೊಂದು ಸಮನಾಗಿ ಬರುತ್ತವೆ. ಹಾಗಾಗಿ ಕ್ಷುದ್ರಗ್ರಹ ಎಷ್ಟು ಅಗಲವೋ ಭೂಮಿಯ ಮೇಲೆ ಅದರ ನೆರಳೂ ಹೆಚ್ಚುಕಡಿಮೆ ಅಷ್ಟೇ ಅಗಲ. ಆ ನೆರಳು ನಮ್ಮ ಹೊಲಗಳ ಮೇಲೆ, ಮನೆಗಳ ಮೇಲೆ ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಎಷ್ಟೋ ರಾತ್ರಿ ನಾವು ಮಲಗಿದ್ದಾಗ ಇಂಥ ನೆರಳು ನಮ್ಮ ಮಾಳಿಗೆಯ ಮೇಲೆಯೇ ಹಾದು ಹೋಗಿರುತ್ತದೆ. ಆಕಾಶದಲ್ಲಿ ಒಂದು ಚುಕ್ಕೆ ಒಂದೆರಡು ಸೆಕೆಂಡು ಆರಿ ಮತ್ತೆ ಹತ್ತಿಕೊಂಡಿರುತ್ತದೆ. ನೋಡಿದವರು ಯಾರೂ ಇರುವುದಿಲ್ಲ. ಇದಕ್ಕೆ ಕನ್ನಡದಲ್ಲಿ ಆಚ್ಛಾದನೆ ಎಂದು ಹೆಸರು. ಮುಚ್ಚಿಕೊಳ್ಳುವುದು ಎಂದು ಅದರ ಅರ್ಥ.

ಇದರಿಂದ ಕಲ್ಲಿನ ಗಾತ್ರ ತಿಳಿಯುವ ಲೆಕ್ಕ ಶಾಲೆಯ ಮಕ್ಕಳೂ ಮಾಡಬಹುದಾದದ್ದು. ನೆರಳು ಸೆಕೆಂಡಿಗೆ 20 ಕಿಲೋಮೀಟರ್ ಓಡುತ್ತಿದೆ ಎನ್ನಿ. ನಿಮಗೆ ನಕ್ಷತ್ರ 3 ಸೆಕೆಂಡು ಕಾಣದಂತಾಯಿತು. 20 ಗುಣಿಲೆ 3, ಅಂದರೆ 60 ಕಿಲೋಮೀಟರ್. ನೀವು ನಿಂತ ಜಾಗದ ನೇರಕ್ಕೆ ಆ ಕಲ್ಲು 60 ಕಿಲೋಮೀಟರ್ ಉದ್ದವಿದೆ ಎಂದಾಯಿತು. ಕೋಟ್ಯಂತರ ಕಿಲೋಮೀಟರ್ ದೂರದ ವಸ್ತುವನ್ನು ಒಂದು ಗಡಿಯಾರದಿಂದ ಅಳೆದಂತಾಯಿತು.

ಆದರೆ ಒಬ್ಬರು ಅಳೆದರೆ ಸಿಗುವುದು ಒಂದು ಗೆರೆ ಮಾತ್ರ. ಆಕಾರ ಬೇಕೆಂದರೆ ಹಲವರು ಬೇಕು. ಮತ್ತೆ ಮೋಡದ ನೆರಳಿಗೇ ಬನ್ನಿ. ಉದ್ದಕ್ಕೆ ಒಂದು ಬದುವಿದೆ. ಅದರ ಮೇಲೆ ಆರು ಜನರನ್ನು ಸಾಲಾಗಿ ನಿಲ್ಲಿಸಿ ಕೈಗೊಂದು ಗಡಿಯಾರ ಕೊಡಿ. ಮೋಡ ಅಡ್ಡಲಾಗಿ ದಾಟಿತು. ನಡುವಿನ ನಾಲ್ವರ ಮೇಲೆ ನೆರಳು ಬಿತ್ತು, ಒಬ್ಬರಿಗೆ ಹೆಚ್ಚು ಹೊತ್ತು, ಒಬ್ಬರಿಗೆ ಕಡಿಮೆ ಹೊತ್ತು. ಎರಡು ತುದಿಯಲ್ಲಿದ್ದವರು ನಮ್ಮ ಮೇಲೆ ನೆರಳೇ ಬೀಳಲಿಲ್ಲ ಎಂದರು. ಈಗ ಹೇಳಿ, ತುದಿಯಲ್ಲಿದ್ದ ಆ ಇಬ್ಬರ ಮಾತು ವ್ಯರ್ಥವೇ? ಅಲ್ಲ. ಮೋಡ ಎಲ್ಲಿಗೆ ಮುಗಿಯಿತು ಎಂದು ಹೇಳಿದವರೇ ಅವರು. ಅವರಿಲ್ಲದಿದ್ದರೆ ಮೋಡ ಇನ್ನೂ ಎಷ್ಟು ದೂರ ಹರಡಿತ್ತೋ ನಮಗೆ ತಿಳಿಯುತ್ತಿರಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇನ್ನು ಮುಂಚಿತವಾಗಿ ಹೇಳುವ ಬಗೆ. ಅದಕ್ಕೆ ಎರಡು ಸಂಗತಿ ಸರಿಯಾಗಿ ಗೊತ್ತಿರಬೇಕು. ನಕ್ಷತ್ರ ಎಲ್ಲಿದೆ ಎಂಬುದೊಂದು, ಕಲ್ಲು ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬುದು ಇನ್ನೊಂದು. ಇವುಗಳಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಆದೋನಿಯ ಮೇಲೆ ಬೀಳಬೇಕಾದ ನೆರಳು ಸೊಲ್ಲಾಪುರದ ಮೇಲೆ ಬಿದ್ದಿರುತ್ತದೆ. ಹಿಂದೆ ಹೀಗೆಯೇ ಆಗುತ್ತಿತ್ತು. ನೂರಾರು ಕಿಲೋಮೀಟರ್ ವ್ಯತ್ಯಾಸ ಬಂದು, ದೂರದರ್ಶಕ ಹೊತ್ತು ಹೋದವರು ಬರಿಗೈಯಲ್ಲಿ ಮರಳುತ್ತಿದ್ದರು. 2013ರಲ್ಲಿ ಯುರೋಪಿನವರು ಗಾಯಾ ಎಂಬ ಉಪಗ್ರಹವನ್ನು ಹಾರಿಸಿದರು. 2025ರ ಜನವರಿಯವರೆಗೆ ಅದು ಆಕಾಶವನ್ನು ಅಳೆಯಿತು. ಸುಮಾರು 180 ಕೋಟಿ ನಕ್ಷತ್ರಗಳ ಜಾಗವನ್ನು ಅದರ ಪಟ್ಟಿ ಹೇಳುತ್ತದೆ. ಆ ಪಟ್ಟಿ ಬಂದ ಮೇಲೆ ಎಷ್ಟೋ ಸಲ ನೆರಳಿನ ದಾರಿಯನ್ನು ಇಂಥ ತಾಲೂಕು, ಇಂಥ ಊರು ಎನ್ನುವಷ್ಟು ಹತ್ತಿರಕ್ಕೆ ಹೇಳಲು ಸಾಧ್ಯವಾಗಿದೆ.

ನಮ್ಮ ದೇಶದವರು ಈ ಕೆಲಸದಲ್ಲಿ ಹಿಂದೆ ಬಿದ್ದವರಲ್ಲ. 1961ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಪಲ್ಲಾಸ್ ಎಂಬ ಕ್ಷುದ್ರಗ್ರಹ ಒಂದು ನಕ್ಷತ್ರವನ್ನು ಮರೆಮಾಡಿದ್ದನ್ನು ನೈನಿತಾಲಿನ ವೀಕ್ಷಣಾಲಯದವರು ದಾಖಲಿಸಿದರು. ಇಂಥ ಅಳತೆಗಳು ಆಗ ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು. ಅದೇ ಪಲ್ಲಾಸ್ 1983ರ ಮೇ 29ರಂದು ಅಮೆರಿಕದ ದಕ್ಷಿಣ ಭಾಗ ಮತ್ತು ಮೆಕ್ಸಿಕೋದ ಉತ್ತರ ಭಾಗದ ಮೇಲೆ ನೆರಳು ಹಾಯಿಸಿದಾಗ ಸುಮಾರು 130 ಜಾಗಗಳಲ್ಲಿ ಜನ ಕಾದು ಕುಳಿತಿದ್ದರು. ಬಹಳ ಜನ ಹವ್ಯಾಸಿಗಳು. ಆ ಕಾಲದಲ್ಲಿ ಇಂಥವರ ಆಸ್ತಿಯೆಂದರೆ ಒಂದು ದೂರದರ್ಶಕ, ಒಂದು ಟೇಪ್ ರೆಕಾರ್ಡರ್, ಒಂದು ಶಾರ್ಟ್‌ವೇವ್ ರೇಡಿಯೋ. ರೇಡಿಯೋದಲ್ಲಿ ಸೆಕೆಂಡಿಗೊಮ್ಮೆ ಸಮಯದ ಸದ್ದು ಬರುತ್ತಿತ್ತು. ಚುಕ್ಕೆ ಆರಿದ ಕೂಡಲೇ ‘ಹೋಯಿತು’ ಎಂದು ಕೂಗುವುದು, ಹತ್ತಿಕೊಂಡ ಕೂಡಲೇ ‘ಬಂತು’ ಎಂದು ಕೂಗುವುದು. ಎರಡು ಸದ್ದೂ ಒಂದೇ ಟೇಪಿನಲ್ಲಿ ಉಳಿಯುತ್ತಿದ್ದವು. ರೇಡಿಯೋ ಕೇಳುವ ನಮಗೆ ಇದು ಸಂತೋಷದ ಸುದ್ದಿಯೇ.

ತಮಿಳುನಾಡಿನ ಜವಾದಿ ಬೆಟ್ಟದಲ್ಲಿ, ವಾಣಿಯಂಬಾಡಿಯ ಕಡೆ, ಕವಲೂರು ಎಂಬ ಹಳ್ಳಿ ಇದೆ. ಹೊಸೂರು ಕಡೆಯವರು ಹೆಸರು ಕೇಳಿರಬಹುದು. ಬೆಂಗಳೂರಿನ ಭಾರತೀಯ ಖಗೋಳವಿಜ್ಞಾನ ಸಂಸ್ಥೆಯ ವೀಕ್ಷಣಾಲಯ ಅಲ್ಲಿದೆ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಹತ್ತಿರ ಹಾಯುವುದಿತ್ತು. ಅಮೆರಿಕದ ವಿಜ್ಞಾನಿಗಳು ವಿಮಾನದಲ್ಲಿ ದೂರದರ್ಶಕ ಇಟ್ಟುಕೊಂಡು ಹಿಂದೂ ಮಹಾಸಾಗರದ ಮೇಲೆ ಹಾರುತ್ತಿದ್ದರು. ಕವಲೂರಿನಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅವರು ನೋಡುತ್ತಿದ್ದರು. ಗ್ರಹ ಇನ್ನೂ ದೂರವಿರುವಾಗಲೇ ನಕ್ಷತ್ರದ ಬೆಳಕು ಕುಗ್ಗಿತು. ಕವಲೂರಿನವರು ಅದನ್ನು ಯುರೇನಸ್ಸಿನ ಹೊಸ ಚಂದ್ರ ಇರಬೇಕೆಂದು ಬರೆದರು. ಅವರ ಒಂದು ಜಾಗದಿಂದ ನೋಡಿದರೆ ಅದು ಸಹಜವಾದ ಊಹೆಯೇ. ವಿಮಾನದವರ ಅಳತೆಯನ್ನೂ ಬೇರೆ ಊರುಗಳ ಅಳತೆಯನ್ನೂ ಪಕ್ಕದಲ್ಲಿಟ್ಟು ನೋಡಿದಾಗ, ಅದು ಚಂದ್ರನಲ್ಲ, ಗ್ರಹದ ಸುತ್ತ ಇರುವ ಉಂಗುರಗಳು ಎಂದು ತಿಳಿಯಿತು. ಅದುವರೆಗೆ ಉಂಗುರವಿರುವ ಗ್ರಹ ಶನಿಯೊಂದೇ ಎಂದು ನಾವೆಲ್ಲ ಓದಿದ್ದೆವು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಕಥೆಗೆ ಬರುತ್ತೇನೆ. ಅಮೆರಿಕದವರು ನ್ಯೂ ಹೊರೈಜನ್ಸ್ ಎಂಬ ನೌಕೆಯನ್ನು ಪ್ಲೂಟೋದ ಆಚೆಗೆ ಕಳುಹಿಸಿದ್ದರು. ಅದು 2019ರ ಜನವರಿ 1ರಂದು ಅಲ್ಲಿನ ಒಂದು ಪುಟ್ಟ ಕಾಯದ ಪಕ್ಕ ಹಾಯಬೇಕಿತ್ತು. ಈಗ ಅದಕ್ಕೆ ಅರೋಕಾತ್ ಎಂದು ಹೆಸರು. ಸುಮಾರು 650 ಕೋಟಿ ಕಿಲೋಮೀಟರ್ ದೂರ. ಎಷ್ಟು ದೊಡ್ಡದು, ಯಾವ ಆಕಾರ, ಸುತ್ತ ಪುಡಿಗಲ್ಲು ಇದೆಯೇ, ಯಾವುದೂ ಗೊತ್ತಿಲ್ಲ. ನೌಕೆ ಹೋಗುವ ವೇಗಕ್ಕೆ ಅಕ್ಕಿಕಾಳಿನಷ್ಟು ಚೂರು ಬಡಿದರೂ ಎಲ್ಲ ಮುಗಿಯಿತು. ತಿಳಿಯಲು ಇದ್ದ ದಾರಿ ಅದರ ನೆರಳು.

2017ರ ಜೂನ್ 3ರಂದು ದಕ್ಷಿಣ ಆಫ್ರಿಕ ಮತ್ತು ಅರ್ಜೆಂಟೀನಾ ಎರಡೂ ಕಡೆ ಇಪ್ಪತ್ತಕ್ಕೂ ಹೆಚ್ಚು ದೂರದರ್ಶಕಗಳನ್ನು ನಿಲ್ಲಿಸಿದರು. ಒಂದರಲ್ಲೂ ನಕ್ಷತ್ರ ಆರಲಿಲ್ಲ. ಎರಡು ಖಂಡ ಸುತ್ತಿ ಬಂದವರಿಗೆ ಎಂಥ ನಿರಾಸೆ ಆಗಿರಬೇಕು! ಆದರೆ ಅವರು ಆ ಟಿಪ್ಪಣಿಗಳನ್ನು ಎಸೆಯಲಿಲ್ಲ. ಇಷ್ಟು ಜನರ ನಡುವೆ ನುಸುಳಿ ಹೋಗಬೇಕಾದರೆ ಆ ಕಾಯ ನಾವು ಅಂದುಕೊಂಡಿದ್ದಕ್ಕಿಂತ ಚಿಕ್ಕದಿರಬೇಕು ಎಂದು ಯೋಚಿಸಿದರು.

ಜುಲೈ 17ಕ್ಕೆ ಇನ್ನೊಂದು ಅವಕಾಶವಿತ್ತು. ಈ ಸಲ ಅರ್ಜೆಂಟೀನಾದ ದಕ್ಷಿಣದಲ್ಲಿ, ಕೊಮೊಡೋರೊ ರಿವದಾವಿಯಾ ಎಂಬ ಊರಿನ ಸುತ್ತಮುತ್ತ 24 ದೂರದರ್ಶಕಗಳು. ಅಲ್ಲಿ ಅದು ಕೊರೆಯುವ ಚಳಿಗಾಲ, ಮೇಲೆ ಬಿರುಗಾಳಿ. ದೂರದರ್ಶಕ ಅಲುಗಿದರೆ ಚುಕ್ಕೆ ನಿಲ್ಲುವುದಿಲ್ಲ. ಊರಿನವರು ಮುಂದೆ ಬಂದರು. ಬೀದಿ ದೀಪಗಳನ್ನು ಆರಿಸಿದರು. ಗಾಡಿಗಳ ಬೆಳಕು ಬೀಳಬಾರದೆಂದು ದೊಡ್ಡ ಹೆದ್ದಾರಿಯನ್ನೇ ಎರಡು ಗಂಟೆ ಮುಚ್ಚಿದರು. ಲಾರಿಗಳನ್ನು ತಂದು ಗಾಳಿಗೆ ಅಡ್ಡ ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರು ಆ ನಕ್ಷತ್ರವನ್ನು ನೋಡಲೇ ಇಲ್ಲ. ಬರಿಗಣ್ಣಿಗೆ ಅದು ಕಾಣುವುದೂ ಇಲ್ಲ.

24ರಲ್ಲಿ ಐದು ದೂರದರ್ಶಕಗಳಲ್ಲಿ ನಕ್ಷತ್ರ ಆರಿತು. ಹೆಚ್ಚೆಂದರೆ ಎರಡು ಸೆಕೆಂಡು. ಆ ಐದು ಗೆರೆಗಳನ್ನು ಜೋಡಿಸಿದಾಗ ಎರಡು ಉಂಡೆಗಳು ಒಂದಕ್ಕೊಂದು ಅಂಟಿಕೊಂಡಂಥ, ಇಲ್ಲವೇ ಪಕ್ಕಪಕ್ಕದಲ್ಲಿರುವಂಥ ಆಕಾರ ಕಂಡಿತು. ಒಂದೂವರೆ ವರ್ಷದ ನಂತರ ನೌಕೆ ಹತ್ತಿರದಿಂದ ಚಿತ್ರ ತೆಗೆದು ಕಳುಹಿಸಿತು. ಎರಡು ಉಂಡೆಗಳು ಅಂಟಿಕೊಂಡ, ಸುಮಾರು 35 ಕಿಲೋಮೀಟರ್ ಉದ್ದದ ಕಾಯ! ಭೂಮಿಯ ಮೇಲೆ ಚಳಿಯಲ್ಲಿ ನಿಂತವರು ಮೊದಲೇ ಬರೆದಿಟ್ಟಿದ್ದ ಆಕಾರ ಅದೇ. ಐದು ಜನರಿಗೆ ಕಂಡಿದ್ದರಿಂದ ಮಾತ್ರ ಇದು ಆಗಲಿಲ್ಲ. ಉಳಿದ 19 ಕಡೆಯವರು ‘ನಮಗೆ ಆರಲಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದದ್ದರಿಂದಲೇ ಅದರ ಅಂಚು ಗೊತ್ತಾಯಿತು.

ಇದರಿಂದ ನಮಗೇನು ಎಂದು ಯಾರಾದರೂ ಕೇಳಬಹುದು. ಅಪೋಫಿಸ್ ಎಂಬ ಕಲ್ಲೊಂದು 2029ರ ಏಪ್ರಿಲ್ 13ರಂದು ಭೂಮಿಯ ಹತ್ತಿರ, 32 ಸಾವಿರ ಕಿಲೋಮೀಟರಿನಷ್ಟು ಹತ್ತಿರ ಹಾಯಲಿದೆ. ಮುಂದೊಂದು ದಿನ ಅದು ನಮಗೆ ಬಡಿಯಬಹುದು ಎಂಬ ಭಯ ಹಿಂದೆ ಇತ್ತು. 2021ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಅದರ ನೆರಳನ್ನೂ ಹಿಡಿದರು. ಆ ನೆರಳಿನ ಅಗಲ ಎರಡು ಫರ್ಲಾಂಗಿನ ಆಸುಪಾಸು, ನಮ್ಮ ನಾಲ್ಕಾರು ಹೊಲಗಳಷ್ಟು. ಅದೇ ತಿಂಗಳ ರಡಾರ್ ಅಳತೆಯಿಂದ, ಮುಂದಿನ 100 ವರ್ಷ ಅದರಿಂದ ಅಪಾಯವಿಲ್ಲ ಎಂದು ಖಚಿತವಾಯಿತು. ನೆರಳಿನ ಅಳತೆಗಳು ಅದರ ದಾರಿಯನ್ನು ಇನ್ನಷ್ಟು ನಿಖರ ಮಾಡಿದವು.

ಬಂಧುಗಳೇ, ಪಟ್ಟಣದವರಿಗೆ ಇಲ್ಲದ ಒಂದು ಸಂಪತ್ತು ನಮಗಿದೆ. ಅದು ಕತ್ತಲು. ತಾಳವಾಡಿಯ ಬೆಟ್ಟಗಳಲ್ಲಿ, ರಾಯದುರ್ಗ, ಮಡಕಶಿರಾ, ಜತ್ತ, ಅಕ್ಕಲಕೋಟೆಯ ಬಯಲುಗಳಲ್ಲಿ ಬೇಸಿಗೆಗೆ ಮುಂಚೆ ತಿಂಗಳುಗಟ್ಟಲೆ ಆಕಾಶ ತಿಳಿಯಾಗಿರುತ್ತದೆ. ನಮ್ಮ ಹೈಸ್ಕೂಲುಗಳಲ್ಲಿ ವಿಜ್ಞಾನದ ಮಾಸ್ತರರು ಮನಸ್ಸು ಮಾಡಿದರೆ, ಒಂದು ಸಾಧಾರಣ ದೂರದರ್ಶಕ, ಒಂದು ಕ್ಯಾಮೆರಾ, ಉಪಗ್ರಹದಿಂದ ಬರುವ ಸರಿಯಾದ ಸಮಯ, ಇಷ್ಟಿದ್ದರೆ ಕೆಲಸ ಶುರು ಮಾಡಬಹುದು. ಯಾವ ರಾತ್ರಿ ಯಾವ ಊರಿನ ಮೇಲೆ ನೆರಳು ಹಾಯುತ್ತದೆ ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮುಗಳು ಉಚಿತವಾಗಿ ಸಿಗುತ್ತವೆ. ಪಕ್ಕದ ಊರಿನ ತಮಿಳು ಶಾಲೆ, ತೆಲುಗು ಶಾಲೆ, ಮರಾಠಿ ಶಾಲೆಯ ಮಕ್ಕಳನ್ನೂ ಕರೆಯಿರಿ. ಒಂದೇ ಊರಿನಲ್ಲಿ ಎಲ್ಲರೂ ಗುಂಪು ಕೂಡಿದರೆ ಸಿಗುವುದು ಒಂದೇ ಗೆರೆ. ಊರೂರಿಗೆ ಹಂಚಿ ನಿಂತರೆ ಆಕಾರ ಸಿಗುತ್ತದೆ.

ಮಕ್ಕಳಿಗೆ ಒಂದು ಮಾತು ಮಾತ್ರ ಮೊದಲೇ ಹೇಳಿಕೊಡಿ. ಕಂಡರೆ ಕಂಡಿತು ಎಂದು ಬರೆಯಲಿ. ಕಾಣದಿದ್ದರೆ ಕಾಣಲಿಲ್ಲ ಎಂದು ಬರೆಯಲಿ. ಪಕ್ಕದವನಿಗೆ ಕಂಡಿತಲ್ಲ, ನನಗೆ ಕಾಣಲಿಲ್ಲ ಎಂದರೆ ಅವಮಾನ ಎಂದುಕೊಂಡು ಸುಳ್ಳು ಬರೆದರೆ, ಇಲ್ಲದ ಜಾಗದಲ್ಲಿ ಕಲ್ಲು ಹುಟ್ಟಿಕೊಳ್ಳುತ್ತದೆ, ಉಳಿದವರ ಶ್ರಮವೂ ಹಾಳಾಗುತ್ತದೆ. ಗಡಿಯ ಊರಿನಲ್ಲಿ ನಿಂತವರಿಗೆ ಅಂಚಿನ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇಂದು ರಾತ್ರಿ ಮಲಗುವ ಮುಂಚೆ ಒಂದು ಸಲ ಅಂಗಳಕ್ಕೆ ಬಂದು ತಲೆ ಎತ್ತಿ ನೋಡಿ.