ಯೂರಿಯಾ ಚೀಲದ ಕಾಟಾ ಎಲ್ಲಿಡಬೇಕು?

(ಖಾನಾಪುರದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಳಗಾವಿ ಸೀಮೆಯವರಿಗೆ ಕಬ್ಬಿನ ಕಾಟಾದ ಕತೆ ನಾನು ಹೇಳಬೇಕಾಗಿಲ್ಲ. ಗಾಡಿ ಯಾರ ಕಾಟಾದ ಮೇಲೆ ನಿಂತಿತು, ಚೀಟಿ ಯಾರು ಬರೆದರು ಅನ್ನೋದರ ಮೇಲೆ ನಮ್ಮ ವರ್ಷದ ದುಡಿಮೆ ನಿಂತದ. ಇವತ್ತು ಇನ್ನೊಂದು ಕಾಟಾದ ಮಾತು.

ಗೊಬ್ಬರದ ಕಂಪನಿಗಳು ತಮ್ಮ ಹೊಗೆ ಇಳಿಸುವ ಯೋಜನೆ ಬರೆಯುತ್ತಿವೆ. ಬೇಕಾದದ್ದೇ. ಆ ಹೊಗೆಯಿಂದ ಭೂಮಿ ಕಾಯುತ್ತದೆ, ಮಳೆ ಲೆಕ್ಕ ತಪ್ಪುತ್ತದೆ. ಮಳೆ ಕೈಕೊಟ್ಟರೂ, 2019ರಂತೆ ಹೊಳೆ ಹೊಲಕ್ಕೆ ನುಗ್ಗಿದರೂ, ಸಾಲ ಉಳಿಯೋದು ನಮ್ಮ ಹೆಸರಿನಾಗ. ಅದಕ್ಕೇ ಆ ಯೋಜನೆಯನ್ನು ನಾವೂ ಓದಬೇಕು.

ಮಂಗಳೂರಿನ ಪಣಂಬೂರು ಕಾರ್ಖಾನೆ ನೋಡ್ರಿ. ಬಹುಕಾಲ ನಾಫ್ತಾದಿಂದ ಯೂರಿಯಾ ಮಾಡಿತು. 2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ಕೊಳವೆ ಮಾರ್ಗ ಉದ್ಘಾಟನೆಯಾಯಿತು. ಕಾರ್ಖಾನೆ ನೈಸರ್ಗಿಕ ಅನಿಲಕ್ಕೆ ತಿರುಗಿತು. ಹೊಗೆ ಇಳಿಸುವ ಹೆಜ್ಜೆಯೇ ಇದು. ಆದರೆ ಅನಿಲವೂ ನೆಲದಡಿಯ ಇಂಧನವೇ. ದಾರಿ ಇನ್ನೂ ಮುಗಿದಿಲ್ಲ.

ಇನ್ನು ಚೀಲದ ಗುಟ್ಟು. ಅಮೋನಿಯಾ ಮಾಡುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡನ್ನೇ ಅಮೋನಿಯಾಕ್ಕೆ ಕೂಡಿಸಿ ಯೂರಿಯಾ ಮಾಡುತ್ತಾರೆ. 45 ಕಿಲೋ ಚೀಲಕ್ಕೆ ಅದು ಸುಮಾರು 33 ಕಿಲೋ ಬೇಕು. ಹೊಲಕ್ಕೆ ಚೆಲ್ಲಿದ ಮೇಲೆ ಅದೇ ಅನಿಲ ಹೊರಬೀಳುತ್ತದೆ. ಕಾರ್ಖಾನೆ ಗೇಟಿನಲ್ಲೇ ಕಾಟಾ ಇಟ್ಟರೆ, ಆ 33 ಕಿಲೋ ಕಂಪನಿಗೆ ಉಳಿತಾಯ, ನಮ್ಮ ಹೊಲಕ್ಕೆ ಪಾಪ! ಸಾಲದ್ದಕ್ಕೆ, ಬೆಳೆ ಹೀರದೆ ಉಳಿದ ಸಾರಜನಕದ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಿಲೋಗೆ ಕಿಲೋ 273 ಪಟ್ಟು ಕಾಯಿಸುತ್ತದೆ.

ಆದ್ದರಿಂದ ಕಂಪನಿಗೆ ಮೂರು ಪ್ರಶ್ನೆ ಕೇಳ್ರಿ.

ಒಂದು: ಲೆಕ್ಕ ಗೇಟಿನ ತನಕವೋ, ಹೊಲದ ತನಕವೋ?

ಎರಡು: ಯಾವ ವರ್ಷಕ್ಕೆ ಹೋಲಿಸಿ, ಯಾವ ವರ್ಷದೊಳಗೆ ಎಷ್ಟು ಇಳಿಕೆ? ಚೀಲಕ್ಕೆ ಇಷ್ಟು ಇಳಿಸಿ, ಚೀಲಗಳನ್ನೇ ಹೆಚ್ಚು ಮಾರಿದರೆ ಒಟ್ಟು ಹೊಗೆ ಇಳಿಯುವುದಿಲ್ಲ.

ಮೂರು: ಖರ್ಚು ಯಾರದು? ಯೂರಿಯಾ ದರ ಸರ್ಕಾರ ಕಟ್ಟಿದೆ. ಡಿಎಪಿ, ಕಾಂಪ್ಲೆಕ್ಸ್ ಹಾಗಲ್ಲ. 2010ರಿಂದ ಅವಕ್ಕೆ ಪೋಷಕಾಂಶದ ಲೆಕ್ಕದ ಸಹಾಯಧನ. ಹೊಗೆ ಇಳಿಸಿದ ಖರ್ಚು ಆ ಚೀಲದ ದರಕ್ಕೆ ಏರಿದರೆ ನಮ್ಮ ಸಾಲವೇ ಬೆಳೆಯುತ್ತದೆ.

ನಮ್ಮ ಪಾಲಿನ ಕೆಲಸವೂ ಅದ. ಮಣ್ಣು ಪರೀಕ್ಷೆ ಮಾಡಿಸಿ, ಗೊಬ್ಬರವನ್ನು ಕಂತಿನಲ್ಲಿ ಕೊಟ್ಟು, ಸೆಣಬು ಬಿತ್ತಿ ಮಣ್ಣಿಗೆ ಸೇರಿಸೋಣ. ಉಳಿದ ಚೀಲದ ದುಡ್ಡು ನಮ್ಮದೇ.

ಆದರೆ ಕಂಪನಿ ತನ್ನ ಲೆಕ್ಕವನ್ನು ಕನ್ನಡದಲ್ಲಿ, ಗೊಬ್ಬರ ಮಾರುವ ಸೊಸೈಟಿಯ ಹಲಗೆಯ ಮೇಲೆ ಹಾಕಲಿ. ಕಾಟಾ ನಮ್ಮ ಕಣ್ಣಿಗೆ ಕಾಣಬೇಕು. ಕಾಣದ ಕಾಟಾದ ಚೀಟಿಗೆ ರೈತ ಸಹಿ ಹಾಕುವುದಿಲ್ಲ.